ಸಾತಿಬಾಲ್ದಿಯ ಕುಶಲಪ್ರಶ್ನೆಗಳನ್ನು ಮಡಚಿದವಳು

ಕೆಂಜೆಗುಲ್ ಮುಂದೆ ಅವರು ಇಟ್ಟ ಎಲುಬನ್ನು ನಾನು ಮರೆತಿಲ್ಲ. ಮರೆಯುವವನೂ ಅಲ್ಲ. ವಸಂತದ ನೂರೂಜ್ ಹಬ್ಬದ ಮರುದಿನ ನಾರಿನ್ ಪಟ್ಟಣದ ನಮ್ಮ ಹಿಮ ಕಾವಲು ಕಚೇರಿಯಲ್ಲಿ ಕುರಿ ಕಡಿದಿದ್ದರು. ರಾಜಧಾನಿಯಿಂದ ಮುಖ್ಯಾಧಿಕಾರಿ ಎರ್ಮೆಕ್ ಬಂದಿದ್ದ. ಅವನಿಗೆ ತಲೆ ಕೊಟ್ಟರು. ಅತಿಥಿ, ಇರಲಿ. ಅವನ ಕಾರಿನ ಚಾಲಕನಿಗೆ ತೊಡೆಯ ಎಲುಬು. ಆ ಪುಣ್ಯಾತ್ಮ ಮಾಡಿದ್ದೇನು? ಟಾರು ರಸ್ತೆಯಲ್ಲಿ ಹಾಡು ಕೇಳಿಕೊಂಡು ಬಂದದ್ದು. ಲೆಕ್ಕ ಬರೆಯುವವನಿಗೆ ಮುಂಗಾಲು. ಕೆಂಜೆಗುಲ್‌ಗೆ ಬೆನ್ನುಮೂಳೆಯ ಒಂದು ತುಂಡು, ಪಾತ್ರೆ ತೊಳೆಯಲು ಬಂದ ಸೊಸೆಯಂದಿರಿಗೆ ಕೊನೆಯಲ್ಲಿ ಎತ್ತಿ ಹಾಕುವಂಥದ್ದು. ಯಾರ ಮುಂದೆ ಯಾವ ಎಲುಬು ಎಂಬುದು ನಮ್ಮಲ್ಲಿ ಬಾಯಿ ಬಿಡದೆ ಆಡುವ ಮಾತು. ಅವಳು ಅದನ್ನು ತೆಗೆದುಕೊಂಡು ಚೆನ್ನಾಗಿ ಚೀಪಿ ತಿಂದಳು. ನಾನು ಎದ್ದು ಹೊರಗೆ ಹೋದೆ. ಬಾಗಿಲನ್ನು ಹಾಕಿದ ರಭಸಕ್ಕೆ ಅದರ ಚಿಲಕ ಇವತ್ತಿಗೂ ಸರಿಯಾಗಿ ಕೂರುವುದಿಲ್ಲ.

ಆ ಹೆಂಗಸು ಆ ಚಳಿಗಾಲದಲ್ಲಿ ಏನು ಮಾಡಿದ್ದಳು ಎಂದು ಅಲ್ಲಿ ಉಣ್ಣುತ್ತಿದ್ದ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ನನಗೂ ಪೂರ್ತಿ ಅರ್ಥವಾಗಿದೆ ಎಂದಲ್ಲ. ನಾನು ಶಾಲೆ ಬಿಟ್ಟು ಟ್ರ್ಯಾಕ್ಟರ್ ಹತ್ತಿದವನು, ಈಗ ಕಚೇರಿಯ ಹಳೆಯ ರಷ್ಯನ್ ಜೀಪು ಓಡಿಸುತ್ತೇನೆ. ಘಾಟಿಗಳ ಮೇಲಿನ ಕಾವಲು ಮನೆಗಳಿಗೆ ಕಲ್ಲಿದ್ದಲು, ಹಿಟ್ಟು, ಡೀಸೆಲ್ ಮುಟ್ಟಿಸುವುದು ನನ್ನ ಕೆಲಸ. ಆದರೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದವನು ನಾನು. ದಾರಿಯುದ್ದಕ್ಕೂ ಕೇಳುತ್ತಾ ಹೋದೆ, ಅವಳು ಹೇಳುತ್ತಾ ಬಂದಳು.

ಕೆಂಜೆಗುಲ್ ಕೊಚ್ಕೊರ್ ಕಡೆಯವಳು. ಅವಳ ತಾಯಿ ಉಣ್ಣೆ ಒತ್ತಿ ದಪ್ಪ ಕಂಬಳಿ ಮಾಡುವುದರಲ್ಲಿ ಹೆಸರಾದವಳು. ಮಗಳು ರಾಜಧಾನಿಯಲ್ಲಿ ಓದಿ, ಅಲ್ಲಿಯೇ ಒಂದು ಬ್ಯಾಂಕಿನಲ್ಲಿ ಜಾವಾ ಪ್ರೋಗ್ರಾಂಗಳನ್ನು ಬರೆಯುತ್ತಾ ಕೆಲವು ವರ್ಷ ಇದ್ದಳು. ಆಮೇಲೆ ಒಂದು ದಿನ ಚೀಲ ಹಿಡಿದು ನಾರಿನ್‌ಗೆ ಬಂದುಬಿಟ್ಟಳು. ಏಕೆ ಎಂದು ಕೇಳಿದರೆ, "ಅಲ್ಲಿ ಎಲ್ಲಿ ನಿಂತ್ರೂ ಬೆಟ್ಟ ದೂರದಲ್ಲೇ ಇರುತ್ತೆ ಬಾಯ್ಕೆ, ನಂಗಾಗಲ್ಲ" ಎಂದಳು. ತನಗಿಂತ ಹಿರಿಯ ಗಂಡಸರನ್ನೆಲ್ಲ ಅವಳು ಬಾಯ್ಕೆ ಎಂದೇ ಕರೆಯುವುದು. ಮೂವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ. ಒಳಗೆ ಒಲೆ ಉರಿಯುತ್ತಿದ್ದರೂ ಕೋಟು ಬಿಚ್ಚುತ್ತಿರಲಿಲ್ಲ. ಯೋಚನೆ ಹತ್ತಿದರೆ ಸೂರ್ಯಕಾಂತಿ ಬೀಜ ಕಡಿಯುವಳು. ಸಿಪ್ಪೆಯ ಗುಡ್ಡೆ ಎಷ್ಟು ಎತ್ತರವಿದೆ ಎಂದು ನೋಡಿದರೆ ಸಮಸ್ಯೆ ಎಷ್ಟು ದೊಡ್ಡದು ಎಂದು ನಮಗೆ ತಿಳಿಯುತ್ತಿತ್ತು.

ನಮ್ಮ ಕಚೇರಿಯ ಕೆಲಸ ಇಷ್ಟೇ. ಮೇಲೆ ಪ್ರತಿ ಘಾಟಿಯಲ್ಲಿ ಒಬ್ಬ ಕಾವಲುಗಾರ ಹಿಮ ಅಳೆಯುತ್ತಾನೆ, ಗಾಳಿ ನೋಡುತ್ತಾನೆ, ಕಂಪ್ಯೂಟರಿನಲ್ಲಿ ಬರೆಯುತ್ತಾನೆ. ಅದರೊಳಗಿನ ಪ್ರೋಗ್ರಾಂ ಬರೆದದ್ದನ್ನು ಕಟ್ಟಿ, ಛಾವಣಿಯ ಮೇಲಿನ ತಟ್ಟೆಯ ಮೂಲಕ ಉಪಗ್ರಹಕ್ಕೆ ಎಸೆಯುತ್ತದೆ. ಉಪಗ್ರಹ ರಾಜಧಾನಿಯ ಸರ್ವರ್‌ಗೆ ಇಳಿಸುತ್ತದೆ. ಅಲ್ಲಿ ನೋಡಿ ರಸ್ತೆ ತೆರೆಯುತ್ತಾರೆ ಅಥವಾ ಮುಚ್ಚುತ್ತಾರೆ. ಆದರೆ ಆ ಉಪಗ್ರಹದ ದಾರಿ ಬಲು ಸಣ್ಣದು, ತಿಂಗಳಿಗೆ ಇಷ್ಟೇ ಎಂದು ಅಳತೆ ಬೇರೆ. ಅಳತೆ ತೀರಿದರೆ ತಿಂಗಳು ಮುಗಿಯುವವರೆಗೆ ಘಾಟಿಯ ಬಾಯಿ ಬಂದ್. ಸುದ್ದಿ ಇಲ್ಲದ ರಸ್ತೆಯನ್ನು ರಾಜಧಾನಿಯವರು ಮುಚ್ಚಿಬಿಡುತ್ತಾರೆ. ರೇಡಿಯೋದಲ್ಲಿ ಕೂಗಿ ಹೇಳಿದರೆ ಒಪ್ಪುವುದಿಲ್ಲ.

ಆ ವರ್ಷ ಪ್ರತಿ ತಿಂಗಳೂ ಮೊದಲು ಬಾಯಿ ಮುಚ್ಚಿಕೊಳ್ಳುತ್ತಿದ್ದದ್ದು ಕರಾಬೆಲ್ ಘಾಟಿ. ಅಲ್ಲಿನ ಕಾವಲುಗಾರ ಸಾತಿಬಾಲ್ದಿ. ಅವನೂ ನಾನೂ ಒಂದೇ ವರ್ಷ ಹುಟ್ಟಿದವರು. ಒಂದೇ ವಯಸ್ಸಿನವರು ಬೈದಾಡದೆ ಮಾತಾಡಿದರೆ ನಮ್ಮಲ್ಲಿ ಜನ ಇವರಿಗೇನೋ ಮನಸ್ತಾಪ ಎಂದುಕೊಳ್ಳುತ್ತಾರೆ. ಸಾತಿಬಾಲ್ದಿ ಮೊದಲು ಕುರುಬ. ಅವನ ತಮ್ಮನನ್ನು ಅದೇ ರಸ್ತೆಯಲ್ಲಿ ಹಿಮ ಎಳೆದುಕೊಂಡಿತು. ಮುಂದಿನ ಚಳಿಗಾಲಕ್ಕೆ ಹೆಂಡತಿ ಸೈರಾಳನ್ನು ಕರೆದುಕೊಂಡು ಮೇಲೆ ಹತ್ತಿದವನು ಮತ್ತೆ ಇಳಿಯಲಿಲ್ಲ. ಕೆಳಗೆ ಅವನಿಗೆ ಮನೆಯಿಲ್ಲ, ಮಂದೆಯಿಲ್ಲ. ಆ ದಾರಿಯಲ್ಲಿ ಲಾರಿ ಹೊಡೆಯುವವರು ಫಲಕ ನೋಡುವುದಿಲ್ಲ, "ಸಾತಿಬಾಲ್ದಿ ಏನಂದ?" ಎಂದು ಕೇಳುತ್ತಾರೆ.

ಅವನ ಸಂದೇಶ ಅಷ್ಟು ಭಾರವಾಗಿದ್ದದ್ದು ಹಿಮದಿಂದಲ್ಲ. ಕೊನೆಯಲ್ಲಿ "ಇತರ ವಿಷಯ" ಎಂದು ಒಂದು ಖಾನೆ ಇದೆ. ಸಾತಿಬಾಲ್ದಿ ಅದನ್ನು ಬಾಗಿಲು ಎಂದು ತಿಳಿದಿದ್ದ. ಒಬ್ಬರ ಮನೆ ಬಾಗಿಲಿಗೆ ಹೋಗಿ ಕ್ಷೇಮ ವಿಚಾರಿಸದೆ ಹಿಮದ ಲೆಕ್ಕ ಹೇಳುವುದೆಂದರೆ ಏನು, ನಾಯಿಯೇ? ಆದ್ದರಿಂದ ದನಕರು ಕ್ಷೇಮವೇ, ಜೀವಗಳು ಕ್ಷೇಮವೇ, ಒಲೆಯಲ್ಲಿ ಬೆಂಕಿ ಇದೆಯೇ, ಮಕ್ಕಳ ಕೆಮ್ಮು ಇಳಿಯಿತೇ ಎಂದು ಕಚೇರಿಯ ಒಬ್ಬೊಬ್ಬರನ್ನೂ ಹೆಸರು ಹಿಡಿದು ವಿಚಾರಿಸಿ, ಹರಸಿ, ಅದರ ನಡುವೆ ಎಲ್ಲೋ "ಹಿಮ ಇವತ್ತು ಕಾಲ ಕೆಳಗೆ ಟೊಳ್ಳು ಸದ್ದು ಮಾಡ್ತಿದೆ" ಎಂಬ ಸಾಲನ್ನು ಸೇರಿಸುತ್ತಿದ್ದ. ಆ ಒಂದು ಸಾಲು ಯಾವ ಅಳತೆಗೋಲಿನಲ್ಲಿಯೂ ಬರುವುದಿಲ್ಲ.

ಜನವರಿಯಲ್ಲಿ ಎರ್ಮೆಕ್ ಫೋನ್ ಮಾಡಿದ. ಕೆಂಜೆಗುಲ್ ಎಲ್ಲರಿಗೂ ಕೇಳುವಂತೆ ಅದನ್ನು ಮೇಜಿನ ಮೇಲೆ ಇಟ್ಟಳು.

"ಇದೇನು ಹಿಮ ಕಚೇರಿನಾ, ಮದುವೆ ಮನೆನಾ? ಆ ಖಾನೆ ತೆಗೆದು ಬಿಸಾಕಮ್ಮ."

"ತೆಗೆದ್ರೆ ಟೊಳ್ಳು ಸದ್ದಿನ ಮಾತೂ ಹೋಗುತ್ತೆ, ಎರ್ಮೆಕ್ ಅವರೇ. ಬೇರೆ ದಾರಿ ಇದೆ. ಹೊರಡೋ ಸಂದೇಶಾನ ಒತ್ತಿ ಸಣ್ಣದು ಮಾಡ್ತೀನಿ."

"ಏನಾದ್ರೂ ಮಾಡು. ಫೆಬ್ರವರಿ ಕೊನೇವರೆಗೂ ಕರಾಬೆಲ್ ಅಳತೆಯೊಳಗೆ ಕೂತ್ರೆ ಸರಿ. ಇಲ್ದಿದ್ರೆ ಆ ಮನೆ ಮುಚ್ತೀನಿ. ಒಂದು ಕಂಬ ನೆಟ್ಟು ಯಂತ್ರ ಸಿಕ್ಕಿಸ್ತೀನಿ. ಅದು ಯಾರನ್ನೂ ಕ್ಷೇಮ ಕೇಳಲ್ಲ."

ನಾನು ಫೋನಿಗೆ ಬಾಯಿಟ್ಟು ಒಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯುವಂತಿಲ್ಲ. ಕೆಂಜೆಗುಲ್ ನನ್ನ ಬಾಯಿಗೂ ಫೋನಿಗೂ ನಡುವೆ ತನ್ನ ಟೋಪಿ ಅಡ್ಡ ಹಿಡಿದಳು.

ಒತ್ತುವುದು ಎಂದರೆ ನನಗೆ ಅವಳ ತಾಯಿಯ ಕೆಲಸ ನೆನಪಾಯಿತು. ಮೊಣಕಾಲುದ್ದ ಉಣ್ಣೆ ಹರಡಿ, ಬಿಸಿನೀರು ಸುರಿದು, ಸುತ್ತಿ ತುಳಿದರೆ ಬೆರಳ ದಪ್ಪದ ಕಂಬಳಿ.

"ಅದೇ ತಾನೇ?" ಎಂದೆ.

"ಅಲ್ಲ ಬಾಯ್ಕೆ. ಕಂಬಳಿ ಮತ್ತೆ ಉಣ್ಣೆ ಆಗುತ್ತಾ? ನಾನು ಒತ್ತಿದ್ದು ಆ ಕಡೆ ಬಿಚ್ಚಿದಾಗ ಒಂದೊಂದು ಕೂದಲೂ ಇದ್ದಲ್ಲೇ ಇರ್ಬೇಕು. ಇದು ಒತ್ತೋದಕ್ಕಿಂತ ಮಡಚೋದು."

"ಮಾತಲ್ಲಿ ಉಣ್ಣೆ ಥರ ಗಾಳಿ ಇರಲ್ವಲ್ಲ, ಏನನ್ನ ಮಡಚ್ತೀಯ?"

ಅವಳು ಸ್ವಲ್ಪ ಯೋಚಿಸಿದಳು. "ನೀವು ನಂಗೆ ಹೇಳ್ತೀರ ಅಂದ್ಕೊಳಿ. 'ಆ ಕತ್ತೆ ಎರ್ಮೆಕ್ ಬಂದ. ಆ ಕತ್ತೆ ಎರ್ಮೆಕ್ ಉಂಡ. ಆ ಕತ್ತೆ ಎರ್ಮೆಕ್ ಹೋದ.' ಎರಡನೇ ಸಲ ಹೆಸರು ಹಿಡಿಯೋ ಬದಲು, ಹಿಂದಕ್ಕೆ ಬೆರಳು ತೋರಿಸಿ 'ಆಗ್ಲೇ ಹೇಳಿದ್ನಲ್ಲ, ಅದೇ' ಅಂದ್ರೆ ಸಾಕಲ್ವಾ?"

"ಸಾಕು. ಆದ್ರೆ ನಂಗೆ ಮೂರು ಸಲವೂ ಪೂರ್ತಿ ಹೇಳೋದ್ರಲ್ಲೇ ಸುಖ."

"ಸಾತಿಬಾಲ್ದಿ ಬಾಯ್ಕೆಗೂ ಹಾಗೇ. ಅದಕ್ಕೇ ಯಂತ್ರ ಬೆರಳು ತೋರಿಸ್ಲಿ ಅಂತಿದ್ದೀನಿ."

ನನಗೆ ಇದು ಹಿಡಿಸಿತು. ಮಾತು ಎರಡನೇ ಸಲ ಬಂದಾಗ ಅದಕ್ಕೆ ತೂಕವೇ ಇರುವುದಿಲ್ಲ ಎಂಬುದು ವಿಚಿತ್ರವಲ್ಲವೇ? ಹೊಸದಕ್ಕೆ ಮಾತ್ರ ತೂಕ. ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಹೇಳಿದ್ದನ್ನೆಲ್ಲ ಆ ಲೆಕ್ಕದಲ್ಲಿ ಕೇಳಿದೆ. ಹೊಸದು ಬಹಳ ಕಡಿಮೆ ಇತ್ತು. ಅವಳು ನನ್ನ ಮಾತನ್ನು ಹಾಗೆ ತೂಗಿದ್ದರೆ ಏನು ಸಿಗುತ್ತಿತ್ತೋ.

ಕೆಂಜೆಗುಲ್ ಪ್ರೋಗ್ರಾಮಿನ ಹೊರಬಾಗಿಲಲ್ಲಿ ಒಬ್ಬ ಆಳನ್ನು ನಿಲ್ಲಿಸಿದಳು. ಅವಳು ಹೇಳಿದ ರೀತಿ ಅದು. ಸಂದೇಶ ಹೊರಡುವ ಮುನ್ನ ಅವನ ಕೈಗೆ ಬರಬೇಕು, ಅವನು ಮಡಚಿ ಬಿಡಬೇಕು, ಒಳಗಿನವರಿಗೆ ಅವನು ಇದ್ದಾನೆಂದೂ ಗೊತ್ತಾಗಬಾರದು. ಆ ಸಣ್ಣ ದಾರಿಯಲ್ಲಿ ಹೊಸ ಪ್ರೋಗ್ರಾಂ ಕಳಿಸುವುದು ಆಗದ ಮಾತು. ಬೆರಳುದ್ದದ ಕಡ್ಡಿಯೊಂದರಲ್ಲಿ ತುಂಬಿ ನನಗೆ ಕೊಟ್ಟಳು. ಕಲ್ಲಿದ್ದಲಿನ ಜೊತೆ ಒಯ್ದು ನಾನೇ ಸಾತಿಬಾಲ್ದಿಯ ಕಂಪ್ಯೂಟರಿಗೆ ಚುಚ್ಚಿದೆ.

ಮರುದಿನ ಮಧ್ಯಾಹ್ನದೊಳಗೆ ಕರಾಬೆಲ್‌ನ ತಿಂಗಳ ಅಳತೆಯೆಲ್ಲ ಖಾಲಿ!

ಆದದ್ದು ಇದು. ಸಂದೇಶ ಸರಿಯಾಗಿ ಮಡಚಿಕೊಂಡಿತ್ತು. ಆದರೆ ಇದು ಮಡಚಿದ್ದು, ಬಿಚ್ಚಿ ಓದಿ ಎಂದು ಹೊರಮೈ ಮೇಲೆ ಬರೆಯುವುದನ್ನು ಕೆಂಜೆಗುಲ್ ಮರೆತಿದ್ದಳು. ತನ್ನ ಮೇಜಿನ ಮೇಲೆ ಪರೀಕ್ಷೆ ಮಾಡಿದಾಗ ಕಳಿಸುವವಳೂ ಅವಳೇ, ಬಿಚ್ಚುವವಳೂ ಅವಳೇ. ಹೇಳುವ ಅಗತ್ಯ ಬೀಳಲಿಲ್ಲ. ರಾಜಧಾನಿಯ ಸರ್ವರ್ ಅದನ್ನು ಕಸ ಎಂದು ತಳ್ಳಿತು. ತಳ್ಳಿದರೆ ಮತ್ತೆ ಕಳಿಸು ಎಂಬುದು ಪ್ರೋಗ್ರಾಮಿನ ಹಳೆಯ ಬುದ್ಧಿ. ಅದು ಕಳಿಸಿತು, ಇದು ತಳ್ಳಿತು. ಇಬ್ಬರು ಕಿವುಡರು ಬೆಳಗಿನಿಂದ ಬಾಗಿಲ ಬಳಿ ನಿಂತು ಹಾಗೇ ಮಾಡಿದರು. ಜನವರಿಯ ಉಳಿದ ದಿನ ಕರಾಬೆಲ್ ರಸ್ತೆ ಮುಚ್ಚಿತು. ಲಾರಿಗಳು ಕೆಳಗೆ ಸಾಲುಗಟ್ಟಿ ನಿಂತವು.

ಎರ್ಮೆಕ್ ಫೋನಿನಲ್ಲಿ ಕೂಗಾಡಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು. "ಫೆಬ್ರವರಿ ಇನ್ನೂ ಇದೆ. ಆಮೇಲೆ ನನ್ನ ಕೇಳ್ಬೇಡಿ" ಎಂದು ಇಟ್ಟುಬಿಟ್ಟ. ಕೆಂಜೆಗುಲ್ ಅತ್ತಾಳೆಂದುಕೊಂಡೆ. ಅವಳು ಬೀಜದ ಪೊಟ್ಟಣ ಬಿಚ್ಚಿದಳು.

"ತಪ್ಪು ನಂದೇ" ಎಂದಳು. "ಗಂಟು ಕಟ್ಟಿದವಳು ಗಂಟು ಅಂತ ಹೇಳ್ಲಿಲ್ಲ. ಅದನ್ನ ಸರಿ ಮಾಡೋದು ಒಂದು ಸಾಲು. ಅಲ್ಲಿವರೆಗೆ ಮಡಚೋದನ್ನ ನಿಲ್ಸಿ ಅಂತ ರೇಡಿಯೋದಲ್ಲಿ ಹೇಳಿದ್ದೀನಿ. ಆದ್ರೆ ಬಾಯ್ಕೆ, ಇನ್ನೊಂದಿದೆ. ಮಡಚಿದ ಮೇಲೂ ಕರಾಬೆಲ್ ಸಂದೇಶ ಭಾರನೇ ಇದೆ. ಬೇರೆ ಘಾಟಿಯವನ್ನ ಇಲ್ಲೇ ಮೇಜಿನ ಮೇಲೆ ಮಡಚಿ ನೋಡ್ದೆ, ಎಲ್ಲ ಚೆನ್ನಾಗಿ ಕುಗ್ಗಿವೆ. ಇವ್ರದ್ದು ಯಾಕೆ ಕುಗ್ಗಲ್ಲ? ನಾನೇ ಹೋಗಿ ನೋಡ್ಬೇಕು."

ಫೆಬ್ರವರಿ ಮೊದಲ ವಾರ ಇಬ್ಬರೂ ಹೊರಟೆವು. ಚಕ್ರಕ್ಕೆ ಸರಪಳಿ ಬಿಗಿದು ನಿಧಾನ ಹತ್ತಿದೆವು. ಮಧ್ಯಾಹ್ನ ಮುಟ್ಟಿದಾಗ ಸಾತಿಬಾಲ್ದಿ ಹಿಮ ಸರಿಸುತ್ತಿದ್ದ.

"ಏನೋ ತಾಶ್‌ತಾನ್, ಇನ್ನೂ ಬದುಕಿದ್ದೀಯಾ? ನಿನ್ನ ಜೀಪಿನ ಸದ್ದು ಕೇಳಿ ಗುಡ್ಡ ಜಾರ್ತು ಅಂದ್ಕೊಂಡೆ."

"ನಿನ್ನ ಮುಖ ನೋಡಿ ಜಾರ್ದೇ ಇರೋ ಗುಡ್ಡ ನನ್ನ ಜೀಪಿಗೆ ಜಾರುತ್ತಾ?"

ನನ್ನನ್ನು ಬಿಟ್ಟು ಅವನು ಕೆಂಜೆಗುಲ್ ಕಡೆ ತಿರುಗಿ, ಎದೆ ಮೇಲೆ ಕೈಯಿಟ್ಟು, ಅವಳ ತಾಯಿಯನ್ನು, ತಾಯಿಯ ಕಣ್ಣನ್ನು, ಕೊಚ್ಕೊರ್‌ನ ಹುಲ್ಲನ್ನು ವಿಚಾರಿಸಿದ. ಸೈರಾ ಒಳಗಿನಿಂದ, "ಸಾಕು ಮಾರಾಯ, ಹುಡುಗಿ ಮರಗಟ್ಟಿ ಹೋಗ್ತಾಳೆ" ಎಂದು ಕೂಗಿದಳು.

ಉಪ್ಪು ಹಾಕಿದ ಹಾಲಿನ ಚಹಾ, ಬೆಣ್ಣೆ, ಹಿಂದಿನ ದಿನ ಕರಿದ ಬೊರ್ಸೋಕ್ ಹಿಟ್ಟಿನ ತುಂಡುಗಳು ಬಂದವು. ಕೆಂಜೆಗುಲ್ ಕೋಟಿನಲ್ಲೇ ಕಂಪ್ಯೂಟರ್ ಮುಂದೆ ಕೂತು ಅವನ ಹಳೆಯ ಸಂದೇಶಗಳನ್ನು ಓದಿದಳು.

"ಬಾಯ್ಕೆ, ಬೇರೆಯವ್ರು ದಿನಾ ಒಂದೇ ಥರ ಬರೀತಾರೆ. ನಿಮ್ಮದು ಒಂದು ದಿನದ ಹಾಗೆ ಇನ್ನೊಂದು ದಿನ ಇಲ್ವಲ್ಲ?"

"ಇರಬಾರ್ದು ತಾನೇ?" ಸಾತಿಬಾಲ್ದಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಿನ್ನೆ ಕೇಳಿದ್ದನ್ನೇ ಇವತ್ತೂ ಹಂಗೇ ಕೇಳಿದ್ರೆ ಅದು ಕೇಳಿದ ಹಾಗಾ ತಂಗಿ? ಉತ್ತರ ಬೇಡ ಅಂದ ಹಾಗೆ. ಇವ್ನು ನಮ್ಮನ್ನ ನೋಡ್ದೇ ಮಾತಾಡ್ತಿದ್ದಾನೆ ಅಂದ್ಕೊಳ್ಳಲ್ವಾ ಅವ್ರು? ನಾನು ದಿನಾ ಯೋಚ್ನೆ ಮಾಡಿ ಬದಲಾಯಿಸ್ತೀನಿ."

"ಒಂದೇ ಥರ ಬರೆದ್ರೆ ಹಗುರ ಆಗುತ್ತೆ. ಇಲ್ದಿದ್ರೆ ಈ ಮನೆ ಮುಚ್ತಾರೆ."

ಸೈರಾ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು. ಸಾತಿಬಾಲ್ದಿ ಕಿಟಕಿಯಾಚೆಗಿನ ಇಳಿಜಾರನ್ನು ನೋಡಿದ. ಆ ಇಳಿಜಾರಿನ ಕೆಳಗೆ ಏನಾಯಿತು ಎಂದು ನಮಗೆಲ್ಲ ಗೊತ್ತು.

"ಮುಚ್ಲಿ ಬಿಡು" ಎಂದ. "ಇಳೀತೀನಿ. ಆದ್ರೆ ಗಿಣಿ ಪಾಠ ಒಪ್ಪಿಸಲ್ಲ."

ನನಗೆ ನೆತ್ತಿಗೇರಿತು. "ಹೆಬ್ಬಂಡೆ! ನಿನ್ನ ಹಾರೈಕೆ ಯಾವನಿಗೆ ಬೇಕೋ? ಅಲ್ಲಿ ಯಾವನೂ ಓದಲ್ಲ ಕಣೋ!"

"ಓದೋದು ಅವರ ಕೆಲಸ. ಕೇಳೋದು ನಂದು."

"ಇಳಿದು ಎಲ್ಲಿಗೆ ಹೋಗ್ತೀಯ? ನಮ್ಮನೆ ಕುರಿ ದೊಡ್ಡೀಲಿ ಮಲಗ್ತೀಯಾ?"

"ನಿನ್ನ ಗೊರಕೆಗಿಂತ ಕುರಿ ವಾಸಿ."

ನಾನು ಏಳುವಷ್ಟರಲ್ಲಿ ಕೆಂಜೆಗುಲ್ ಕೈ ಎತ್ತಿದಳು. ಪರದೆಯಿಂದ ಕಣ್ಣು ತೆಗೆದಿರಲಿಲ್ಲ. "ಒಂದ್ನಿಮಿಷ. ಸೈರಾ ಅಕ್ಕ, ಇವ್ರು ಮದುವೇಲಿ ಹರಸುವಾಗ ಏನಂತಾರೆ?"

"ಒಲೆ ಬೆಂಕಿ ಆರದಿರ್ಲಿ, ಬಾಗಿಲಿಗೆ ಅತಿಥಿ ತಪ್ಪದಿರ್ಲಿ, ಅಂತ ಶುರು."

"ಮಗು ಹುಟ್ಟಿದ್ರೆ?"

"ಬಾಗಿಲಿಗೆ ಅತಿಥಿ ತಪ್ಪದಿರ್ಲಿ ಅನ್ನೋದು ಅಲ್ಲೂ ಬರುತ್ತೆ. ಅದರ ಜೊತೆ, ನೆರಳು ಉದ್ದ ಆಗ್ಲಿ ಅಂತಾರೆ."

"ಕುದುರೆ ಕೊಂಡ್ರೆ?"

"ಅಲ್ಲೂ ನೆರಳು ಉದ್ದ ಆಗ್ಲಿ!" ಸೈರಾ ನಕ್ಕುಬಿಟ್ಟಳು. "ಇವ್ರದ್ದು ಇಷ್ಟೇ ತಾಯಿ. ಹಳೇ ತುಂಡುಗಳನ್ನೇ ಹಿಂದೆ ಮುಂದೆ ಹೊಲೀತಾರೆ. ಮದ್ವೆ ಆದಾಗಿಂದ ಕೇಳ್ತಿದ್ದೀನಿ."

ಸಾತಿಬಾಲ್ದಿಯ ಮುಖ ಕೆಂಪಾಯಿತು. ಕೆಂಜೆಗುಲ್ ಮುಖ ಬೆಳಗಿತು. ಅವಳು ಆಗ ಹೇಳಿದ್ದನ್ನು ನಾನು ಇಳಿಯುವ ದಾರಿಯಲ್ಲಿ ಮತ್ತೆ ಕೇಳಿ ತಿಳಿದುಕೊಂಡೆ. ಅವನ ದಿನದ ಮಾತು ಪೂರ್ತಿಯಾಗಿ ಮತ್ತೆ ಬರುವುದಿಲ್ಲ, ತುಂಡುಗಳು ಬರುತ್ತವೆ. ಆದರೆ ಒಂದೇ ಸಂದೇಶದೊಳಗೆ ಒಂದು ತುಂಡು ಒಂದೇ ಸಲ ಬರುವುದರಿಂದ ಹಿಂದಕ್ಕೆ ಬೆರಳು ತೋರಿಸಲು ಯಂತ್ರಕ್ಕೆ ಏನೂ ಸಿಗುವುದಿಲ್ಲ. ಹಾಗಾದರೆ ಆ ತುಂಡುಗಳನ್ನು ಎರಡೂ ಕಡೆಯ ಯಂತ್ರಗಳಿಗೆ ಮೊದಲೇ ಕಲಿಸಿಟ್ಟರೆ? ಇಲ್ಲಿನದು "ನಮಗಿಬ್ಬರಿಗೂ ಗೊತ್ತಲ್ಲ, ಅದು" ಎಂದರೆ ಅಲ್ಲಿನದು ಬಿಚ್ಚಿಕೊಳ್ಳುತ್ತದೆ. ಜಾವಾದಲ್ಲಿ ಅದಕ್ಕೆ ವ್ಯವಸ್ಥೆ ಮೊದಲಿನಿಂದಲೂ ಇದೆಯಂತೆ, ಯಾರೂ ಬಳಸುವುದಿಲ್ಲವಂತೆ.

"ನೀವು ಏನೂ ಬದಲಾಯಿಸ್ಬೇಡಿ ಬಾಯ್ಕೆ" ಎಂದಳು. "ಸುಮ್ನೆ ಹರಸ್ತಾ ಹೋಗಿ. ನಿಮಗೆ ಗೊತ್ತಿರೋದೆಲ್ಲ ಹರಸಿ. ನಾನು ಬರ್ಕೋತೀನಿ."

"ಯಾರನ್ನ ಹರಸ್ಲಿ?"

"ತಾಶ್‌ತಾನ್ ಬಾಯ್ಕೆನ."

ಇಂಥ ಕೆಲಸ ನನಗೆ ಎಂದೂ ಬಿದ್ದಿರಲಿಲ್ಲ. ಸಂಜೆಯವರೆಗೆ ನಾನು ಗೋಡೆಗೆ ಒರಗಿ ಕೂತಿದ್ದೆ, ಆ ಮನುಷ್ಯ ನನ್ನನ್ನು ಹರಸಿದ. ನನ್ನ ಮೊಣಕಾಲು, ನನ್ನ ಟೈರು, ಹುಟ್ಟಿರದ ನನ್ನ ಮೊಮ್ಮಕ್ಕಳು, ಯಾವುದನ್ನೂ ಬಿಡಲಿಲ್ಲ. ಮಧ್ಯೆ ಮಧ್ಯೆ ಕಣ್ಣಿನಲ್ಲೇ ಬೈಯುತ್ತಿದ್ದ. ಸೈರಾ ಅವನು ಮರೆತದ್ದನ್ನು ನೆನಪಿಸುತ್ತಿದ್ದಳು. ಕೆಂಜೆಗುಲ್ ಎಲ್ಲವನ್ನೂ, ಹಳೆಯ ಸಂದೇಶಗಳಲ್ಲಿದ್ದ ಕ್ಷೇಮ ವಿಚಾರಣೆಗಳನ್ನೂ ಸೇರಿಸಿ, ಕಂಪ್ಯೂಟರಿಗೆ ತುಂಬಿದಳು. ಈ ಸಲ ಗಂಟಿನ ಮೇಲೆ ಗಂಟು ಎಂದು ಬರೆಯುವ ಸಾಲನ್ನೂ ಹಾಕಿದಳು. ತಳ್ಳಿದರೆ ಹಟ ಹಿಡಿದು ಕಳಿಸುವ ಬುದ್ಧಿಯನ್ನೂ ಬಿಡಿಸಿದಳು. ಸೋಮವಾರ ಬೆಳಿಗ್ಗೆಯಿಂದ ಮಡಚಲು ಶುರು ಮಾಡು ಎಂದು ಅದಕ್ಕೆ ಹೇಳಿಟ್ಟಳು. ಅಷ್ಟರೊಳಗೆ ರಾಜಧಾನಿಯ ಯಂತ್ರಕ್ಕೂ ಇದೇ ತುಂಡುಗಳನ್ನು ಕಲಿಸಬೇಕಿತ್ತು. ಅದಕ್ಕೆ ಎರ್ಮೆಕ್ ಒಪ್ಪಬೇಕಿತ್ತು.

ನಾರಿನ್‌ನಲ್ಲಿ ಮತ್ತೆ ಫೋನ್ ಮೇಜಿನ ಮೇಲೆ ಬಂತು. ಎರ್ಮೆಕ್ ನಕ್ಕ.

"ಸರ್ಕಾರದ ಸರ್ವರ್‌ಗೆ ಕುರುಬನ ಹಾರೈಕೆ ತುಂಬ್ಬೇಕಾ? ನೀನು ಓದಿದವಳೇನಮ್ಮ?"

"ಕಳಿಸಿದ್ದೀನಿ. ಒಂದ್ಸಲ ಓದಿ, ಆಮೇಲೆ ಬೇಡ ಅನ್ನಿ."

ಅವನು ನಾಟಕದವರ ದನಿಯಲ್ಲಿ ಓದತೊಡಗಿದ. "ಒಲೆ ಬೆಂಕಿ ಆರದಿರಲಿ. ಆಹಾ. ಹೆಜ್ಜೆ ಕೆಳಗೆ ಹಿಮ ಗಟ್ಟಿಯಾಗಿರಲಿ. ಭೇಷ್. ಎರ್ಮೆಕ್ ಅವರ ತಾಯಿಯ ಎಡ ಮಂಡಿಯ ಬಾವು ಇಳಿಯಿತೇ..." ಅಲ್ಲಿಗೆ ನಿಂತ. "ಇದು ಇವನಿಗೆ ಹೇಗೆ ಗೊತ್ತು?" ಎಂದ.

"ನೀವು ಒಂದ್ಸಲ ಮೇಲೆ ಹೋದಾಗ ಚಹಾ ಕುಡೀತಾ ಹೇಳಿದ್ರಂತೆ. ಅವತ್ತಿಂದ ಕೇಳ್ತಾನೇ ಇದ್ದಾರೆ. ಆ ಖಾನೆ ರಸ್ತೆ ನೋಡೋರ ಪರದೇಲಿ ಮಾತ್ರ ಬರುತ್ತೆ, ನಿಮ್ಮ ಪರದೇಲಿ ಕಾಣಲ್ಲ."

ಫೋನಿನಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. "ಸರಿ, ಹಾಕಿಸ್ತೀನಿ" ಎಂದ. ಅವನ ಮನಸ್ಸು ಕರಗಿತು ಎಂದೆಲ್ಲ ನಾನು ಬರೆಯುವುದಿಲ್ಲ. ಹಾಕಿಸುತ್ತೇನೆ ಎಂದ, ಹಾಕಿಸಿದ. ಅಷ್ಟು ಅವನ ಪಾಲಿಗೆ ಕೊಡುತ್ತೇನೆ.

ಸೋಮವಾರ ಬೆಳಿಗ್ಗೆ ನಾನು ಕೆಲಸವಿಲ್ಲದಿದ್ದರೂ ಕಚೇರಿಗೆ ಹೋದೆ. ಕೆಂಜೆಗುಲ್ ಕಿಟಕಿಯ ಬಳಿ ನಿಂತಿದ್ದಳು. ಕರಾಬೆಲ್ ಸಂದೇಶ ಬಂತು, ಬಿಚ್ಚಿಕೊಂಡಿತು, ಪೂರ್ತಿ ಇದೆ ಎಂದು ರಾಜಧಾನಿಯಿಂದ ಸುದ್ದಿ ಬಂದಾಗ ಅವಳು ಮೊದಲು ಕೇಳಿದ್ದು, "ತೂಕ?" ಮೊದಲಿನದರ ಒಂದು ಸಣ್ಣ ಪಾಲು. ನನಗೆ ನಂಬಿಕೆ ಬರಲಿಲ್ಲ. ಪೂರ್ತಿ ಓದಿಸಿ ಕೇಳಿದೆ. ಹಿಮದ ಆಳ, ಗಾಳಿ, ಎಲ್ಲರ ಮಕ್ಕಳ ಕೆಮ್ಮು, ಎರ್ಮೆಕ್ ತಾಯಿಯ ಮಂಡಿ, ನಡುವೆ ಒಂದು ಹೊಸ ಸಾಲು: "ಪೂರ್ವದ ಇಳಿಜಾರಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಇದೆ." ಅಂದು ರಸ್ತೆಯನ್ನು ಮುಂಚಿತವಾಗಿ ಮುಚ್ಚಿದರು. ಆ ಬಿರುಕಿಗೆ ಮಾತ್ರ ತೂಕವಿತ್ತು.

ಫೆಬ್ರವರಿ ಮುಗಿದಾಗ ಕರಾಬೆಲ್‌ನ ಅಳತೆ ಇನ್ನೂ ಉಳಿದಿತ್ತು. ಕಾವಲು ಮನೆ ಮುಂದುವರಿಯಲಿ ಎಂದು ಆದೇಶ ಬಂತು. ಕೆಂಜೆಗುಲ್ ರೇಡಿಯೋ ಕೋಣೆಗೆ ಓಡಿ, ಕಿವಿ ಹರಿಯುವ ಹಾಗೆ, "ಸುಯುಂಚು! ಸಾತಿಬಾಲ್ದಿ ಬಾಯ್ಕೆ, ಸುಯುಂಚು!" ಎಂದು ಕೂಗಿದಳು.

ಒಳ್ಳೆಯ ಸುದ್ದಿ ತಂದವರು ಸುದ್ದಿಗಿಂತ ಮೊದಲು ಹಾಕುವ ಕೂಗು ಅದು. ಕೇಳಿಸಿಕೊಂಡವನು ಉಡುಗೊರೆ ಕೊಡಲೇಬೇಕು. ಕೊಡದೆ ಸುದ್ದಿ ಇಟ್ಟುಕೊಳ್ಳುವಂತಿಲ್ಲ.

ರೇಡಿಯೋ ಗರಗರ ಎಂದಿತು. ಆಮೇಲೆ ಅವನ ದನಿ. "ಏನ್ ಬೇಕು ಕೇಳು ತಂಗಿ. ಬಾಯಿಂದ ಬಂದದ್ದು ಕೊಡ್ತೀನಿ. ಉಳಿದ್ವಾ?"

"ಉಳಿದ್ರಿ! ಏನು ಬೇಕು ಅಂತ ಯೋಚ್ನೆ ಮಾಡಿ ಹೇಳ್ತೀನಿ."

ಅವಳು ಹೇಳಲಿಲ್ಲ. ವರ್ಷಗಳಾದವು. ಸಾತಿಬಾಲ್ದಿ ಒಂದು ಮರಿಕುದುರೆಯನ್ನು ಅವಳ ಹೆಸರಿಗೆಂದು ಗುರುತು ಮಾಡಿ ಬಿಟ್ಟಿದ್ದ. ಅದು ಬೆಳೆದು ಈಗ ಅದಕ್ಕೇ ಮರಿಯಿದೆ. ಅವನು ಯಾರನ್ನೂ ಅದರ ಮೇಲೆ ಹತ್ತಗೊಡುವುದಿಲ್ಲ. ನಾನು ಕಲ್ಲಿದ್ದಲು ಇಳಿಸುವಾಗಲೆಲ್ಲ ನನ್ನ ಅಂಗಿ ಹಿಡಿಯುತ್ತಾನೆ. "ಕೇಳಿದ್ಲಾ? ಸುಯುಂಚು ಇಟ್ಕೊಂಡವ್ನಿಗೆ ಎಲ್ಲೋ ನಿದ್ದೆ? ನನ್ನನ್ನ ಸಾಲಗಾರನಾಗೇ ಸಾಯಿಸ್ತಾಳೆ." ಸಂದೇಶದ ಕೊನೆಯಲ್ಲಿಯೂ ಬರೆಯುತ್ತಾನೆ: ಕೆಂಜೆಗುಲ್ ಏನು ಬೇಕೆಂದಳು?

ನಾನು ಅವಳನ್ನು ಬೈದೆ. "ಒಂದು ಟೋಪಿ ಕೇಳು, ಒಂದು ಮುಷ್ಟಿ ಬೆಣ್ಣೆ ಕೇಳು, ಆ ಮನುಷ್ಯನನ್ನ ಬಿಡಿಸು."

"ಕೇಳ್ತೀನಿ ಬಾಯ್ಕೆ."

"ಯಾವಾಗ?"

"ಅವ್ರು ಕೊನೇಲಿ ಕೇಳೋ ಆ ಸಾಲನ್ನ ಹೋದ ತಿಂಗಳು ಎರಡೂ ಯಂತ್ರಕ್ಕೆ ಕಲಿಸ್ದೆ" ಎಂದಳು. "ಈಗ ಅದಕ್ಕೆ ತೂಕಾನೇ ಇಲ್ಲ. ಎಷ್ಟು ಸಲ ಬೇಕಾದ್ರೂ ಕೇಳ್ಲಿ."

ಅವಳು ಇನ್ನೂ ಏನನ್ನೂ ಕೇಳಿಲ್ಲ.